ನಿವೃತ್ತಿಯಾದ ಮೇಲೆ ಗಮಕ: ಕಲಿಯುವುದು ಹೇಗೆ, ನೆರೆಹೊರೆಯವರ ಜೊತೆ ವಾಚನ ಶುರು ಮಾಡುವುದು ಹೇಗೆ

"ಅರವತ್ತು ದಾಟಿದೆ, ಸಂಗೀತ ಕಲಿತಿಲ್ಲ, ಹಳೆಯ ಕನ್ನಡ ಅಷ್ಟಾಗಿ ಬರುವುದಿಲ್ಲ. ಈಗ ಗಮಕ ಕಲಿಯಬಹುದಾ?" ಇದೇ ಪ್ರಶ್ನೆಯನ್ನು ಬೇರೆ ಬೇರೆ ಊರಿನಿಂದ, ಬೇರೆ ಬೇರೆ ಮಾತಿನಲ್ಲಿ ಕೇಳುತ್ತಲೇ ಇರುತ್ತಾರೆ. ಕಲಿಯಬಹುದು. ಹೇಗೆಂದು ಒಂದೇ ಕಡೆ ಬರೆದಿಟ್ಟರೆ ಎಲ್ಲರಿಗೂ ಉಪಯೋಗವಾಗುತ್ತದೆ ಅಂತ ಈ ಲೇಖನ.

ಗೊತ್ತಿಲ್ಲದವರಿಗಾಗಿ ಮೊದಲು ಎರಡು ಮಾತು. ಕಾವ್ಯವನ್ನು ಅದರ ಅರ್ಥ ಕೆಡದ ಹಾಗೆ ರಾಗದಲ್ಲಿ ಓದುವುದೇ ಗಮಕ. ಇದಕ್ಕೆ ತಾಳವಿಲ್ಲ, ಪಕ್ಕವಾದ್ಯ ಬೇಕಿಲ್ಲ, ಸಂಗತಿಗಳನ್ನು (ಒಂದೇ ಸಾಲನ್ನು ಬೇರೆ ಬೇರೆ ಥರ ತಿರುಗಿಸಿ ಹಾಡುವುದು) ಹಾಕಿ ಬೆಳೆಸುವ ಹಾಗಿಲ್ಲ. ಓದುವವರನ್ನು ವಾಚಕರು ಅಥವಾ ಗಮಕಿ ಎನ್ನುತ್ತಾರೆ. ಒಂದು ಪದ್ಯ ಓದಿ ನಿಲ್ಲಿಸಿದ ಕೂಡಲೇ ಅದರ ಅರ್ಥವನ್ನು ಆಡುಮಾತಿನಲ್ಲಿ ಬಿಡಿಸಿ ಹೇಳುವವರು ವ್ಯಾಖ್ಯಾನಕಾರರು. ಹಾಗಾಗಿ ಗಮಕಕ್ಕೆ ಕನಿಷ್ಠ ಇಬ್ಬರು ಬೇಕು, ಎದುರಿಗೆ ಕೇಳುವವರೂ ಬೇಕು. ನಿವೃತ್ತರಿಗೆ ಇದಕ್ಕಿಂತ ಹೊಂದುವ ಕಲೆ ಇನ್ನೊಂದಿಲ್ಲ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಪಕ್ಕದ ಮನೆಯವರಿಲ್ಲದೆ ಇದು ನಡೆಯುವುದೇ ಇಲ್ಲ.

1. ಮೊದಲು ಜೊತೆಗಾರರನ್ನು ಹುಡುಕಿ

ಪುಸ್ತಕ ಕೊಳ್ಳುವುದಕ್ಕೂ ಮುಂಚೆ ಈ ಕೆಲಸ ಆಗಬೇಕು. ನಿಮಗೆ ಹಾಡುವ ಆಸೆ ಇದ್ದರೆ, ಕಥೆ ಹೇಳಬಲ್ಲ ಒಬ್ಬರನ್ನು ಹುಡುಕಿ. ಕಥೆ ಹೇಳುವ ಹುಮ್ಮಸ್ಸು ನಿಮ್ಮದಾದರೆ, ಸುಮಾರಾಗಿ ಹಾಡುವ ಒಬ್ಬರು ಸಾಕು. ಮೇಷ್ಟ್ರಾಗಿ ನಿವೃತ್ತರಾದವರು ವ್ಯಾಖ್ಯಾನಕ್ಕೆ ಬೇಗ ಒಗ್ಗುತ್ತಾರೆ. ಭಜನೆ ಹೇಳಿ ಅಭ್ಯಾಸ ಇರುವವರು, ಹಬ್ಬದ ದಿನ ಹಸೆಯ ಮುಂದೆ ಹಾಡುವ ಹೆಂಗಸರು ವಾಚನಕ್ಕೆ ಬರಬಹುದು.

"ಹಾಡ್ತೀರಾ?" ಅಂತ ನೇರವಾಗಿ ಕೇಳಿದರೆ ಹತ್ತರಲ್ಲಿ ಒಂಬತ್ತು ಜನ "ಅಯ್ಯೋ, ನನಗೆಲ್ಲಿ ಬರತ್ತೆ" ಅಂತಾರೆ. "ಒಂದು ಪದ್ಯದ ಅರ್ಥ ಗೊತ್ತಾಗ್ತಿಲ್ಲ, ಸ್ವಲ್ಪ ಕೂತು ನೋಡೋಣ ಬನ್ನಿ" ಎಂದು ಕರೆಯಿರಿ, ಬರುತ್ತಾರೆ.

2. ಪುಸ್ತಕ ಮತ್ತು ಸಾಮಾನು

ಶುರುವಿಗೆ ಕುಮಾರವ್ಯಾಸನ ಭಾರತವನ್ನೇ ಹಿಡಿಯಿರಿ. ಹತ್ತು ಪರ್ವಗಳಿಗೂ ಭಾಮಿನಿ ಷಟ್ಪದಿಯ (ಆರು ಸಾಲಿನ ಪದ್ಯದ ಒಂದು ಬಗೆ) ಒಂದೇ ಓಟ. ಒಂದು ಪದ್ಯದ ನಡೆ ಕೈಗೆ ಸಿಕ್ಕಿದರೆ ಉಳಿದದ್ದೂ ಸಿಗುತ್ತದೆ. ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಕೇಳುವವರೂ ದಾರಿ ತಪ್ಪುವುದಿಲ್ಲ. ಲಕ್ಷ್ಮೀಶನ ಜೈಮಿನಿ ಭಾರತ ಬಹಳ ಸೊಗಸು. ಆದರೆ ಅದು ವಾರ್ಧಕ ಷಟ್ಪದಿ. ಸಾಲುಗಳು ಉದ್ದ, ಸಮಾಸಗಳೂ ಉದ್ದ, ಉಸಿರು ಜಾಸ್ತಿ ಬೇಕು. ಅದು ಎರಡನೇ ವರ್ಷಕ್ಕಿರಲಿ.

ಕುಮಾರವ್ಯಾಸ ಭಾರತಕ್ಕೆ ಕುವೆಂಪು ಮತ್ತು ಮಾಸ್ತಿ ಸಂಪಾದಿಸಿದ ಜನಪ್ರಿಯ ಆವೃತ್ತಿ ಹಲವು ಸಲ ಮರುಮುದ್ರಣವಾಗಿದೆ, ಗ್ರಂಥಾಲಯಗಳಲ್ಲಿ ಸಿಗುತ್ತದೆ. ಕನ್ನಡ ವಿಕಿಸೋರ್ಸ್‌ನಲ್ಲಿ ಪಠ್ಯವನ್ನು ಪುಕ್ಕಟೆ ಓದಬಹುದು. ವ್ಯಾಖ್ಯಾನ ಮಾಡುವವರು ಗದ್ಯದ ಅರ್ಥ ಇರುವ ಆವೃತ್ತಿಯನ್ನು ಇಟ್ಟುಕೊಂಡರೆ ಒಳ್ಳೆಯದು. ಇದರ ಜೊತೆಗೆ ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ಕನ್ನಡ ನಿಘಂಟು ಇರಲಿ. ಕಷ್ಟದ ಪದಗಳಲ್ಲಿ ಹೆಚ್ಚಿನವು ಅದರಲ್ಲಿ ಸಿಗುತ್ತವೆ.

ನಮ್ಮ ವಯಸ್ಸಿನವರು ಮರೆಯಬಾರದ ಒಂದು ವಿಷಯ ಕಣ್ಣು. ಕೈಯಲ್ಲಿ ಹಿಡಿದು ಓದುವ ಪುಸ್ತಕ ಕಣ್ಣಿಗೆ ಹತ್ತಿರ ಇರುತ್ತದೆ. ನೆಲದ ಮೇಲಿನ ವ್ಯಾಸಪೀಠದಲ್ಲಿಟ್ಟರೆ (ಪುಸ್ತಕ ತೆರೆದಿಡುವ ಮರದ ಕತ್ತರಿಪೀಠ) ದೂರವಾಗುತ್ತದೆ. ಓದುವ ಕನ್ನಡಕಕ್ಕೆ ಆ ದೂರ ಹೊಂದುವುದಿಲ್ಲ. ಬಗ್ಗಿ ಬಗ್ಗಿ ಕತ್ತು ನೋಯುತ್ತದೆ, ಬಗ್ಗಿದ ಕತ್ತಿನಿಂದ ದನಿಯೂ ಬಿಡಿಸಿಕೊಂಡು ಬರುವುದಿಲ್ಲ. ಕುರ್ಚಿಯ ಮೇಲೆ ಕೂತು, ಮುಂದೆ ಮೇಜಿಟ್ಟು, ಮೇಜಿನ ಮೇಲೆ ಪೀಠ ಇಡಿ. ಆ ದಿನ ಓದುವ ಪದ್ಯಗಳನ್ನು ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆಸಿಕೊಳ್ಳಿ. ಗಮಕಕ್ಕೆ ಚಕ್ಕಳಮಕ್ಕಳ ಹಾಕಿಯೇ ಕೂರಬೇಕೆಂಬ ನಿಯಮ ಏನೂ ಇಲ್ಲ.

3. ಅರ್ಥ ಬಿಡಿಸುವುದು

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ರಾಗ ಹಾಕುವ ಆತುರದಲ್ಲಿ ಅರ್ಥವನ್ನು ಆಮೇಲೆ ನೋಡೋಣ ಅಂತಾರೆ. ಆಮೇಲೆ ನೋಡುವುದು ಆಗುವುದೇ ಇಲ್ಲ, ಯಾಕೆಂದರೆ ತಪ್ಪಾದ ಕಡೆ ನಿಲ್ಲಿಸಿ ಹಾಡಿದ್ದು ಬಾಯಿಗೆ ಕೂತುಬಿಡುತ್ತದೆ. ಅದನ್ನು ಬಿಡಿಸುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ.

ಕಾವ್ಯದ ಮೊದಲ ಪದ್ಯವನ್ನೇ ನೋಡಿ:

ಶ್ರೀವನಿತೆಯರಸನೆ ವಿಮಲರಾ
ಜೀವಪೀಠನ ಪಿತನೆ ಜಗಕತಿ
ಪಾವನನೆ ಸನಕಾದಿ ಸಜ್ಜನನಿಕರದಾತಾರ
ರಾವಣಾಸುರಮಥನ ಶ್ರವಣಸು
ಧಾವಿನೂತನಕಥನಕಾರಣ
ಕಾವುದಾನತಜನವ ಗದುಗಿನ ವೀರನಾರಯಣ

ಅಚ್ಚಾದ ಸಾಲು ಮುಗಿದಲ್ಲಿ ನಿಲ್ಲಿಸಿದರೆ ಏನಾಗುತ್ತದೆ? "ವಿಮಲರಾ" ಅಂತ ನಿಲ್ಲುತ್ತೀರಿ. ಕೇಳುವವರಿಗೆ ಏನೂ ತಿಳಿಯುವುದಿಲ್ಲ. ಅಲ್ಲಿರುವುದು "ರಾಜೀವ", ಅಂದರೆ ತಾವರೆ. ಆ ಪದ ಅರ್ಧ ಮೊದಲ ಸಾಲಿನಲ್ಲಿದೆ, ಅರ್ಧ ಎರಡನೆಯದರಲ್ಲಿದೆ. "ವಿಮಲ ರಾಜೀವಪೀಠನ ಪಿತನೆ" ಎಂದರೆ ತಾವರೆಯನ್ನೇ ಪೀಠ ಮಾಡಿಕೊಂಡ ಬ್ರಹ್ಮನ ತಂದೆಯೇ ಎಂದು. ಎರಡನೇ ಸಾಲಿನ ಕೊನೆಯಲ್ಲೂ ಹೀಗೇ: "ಜಗಕೆ ಅತಿಪಾವನನೆ" ಎಂಬುದು ಒಡೆದು ನಿಂತಿದೆ. ನಾಲ್ಕನೇ ಸಾಲಿನ ಕೊನೆಯ "ಸು", ಐದನೇ ಸಾಲಿನ ಮೊದಲ "ಧಾ" ಎರಡೂ ಸೇರಿ "ಸುಧಾ", ಅಮೃತ. ಕಿವಿಗೆ ಅಮೃತದಂತಿರುವ ಹೊಸ ಕಥೆಗೆ ನೀನೇ ಕಾರಣ ಎನ್ನುತ್ತಾನೆ ಕವಿ. "ಕಾವುದಾನತ" ಎಂಬುದನ್ನು ಬಿಡಿಸಿದರೆ "ಕಾವುದು ಆನತಜನವ". ತಲೆಬಾಗಿದವರನ್ನು ಕಾಪಾಡು ಎಂಬ ಕೋರಿಕೆ.

ಒಂದೇ ಪದ್ಯದಲ್ಲಿ ಮೂರು ಕಡೆ ಸಾಲು ಮೀರಿ ಪದ ಹರಿದಿದೆ. ಕಾವ್ಯದ ಉದ್ದಕ್ಕೂ ಹೀಗೇ ಇರುತ್ತದೆ. ಹಾಗಾಗಿ ಪ್ರತಿ ಪದ್ಯಕ್ಕೂ ಈ ಕ್ರಮ ಇಟ್ಟುಕೊಳ್ಳಿ:

ಮೊದಲು ಪೆನ್ಸಿಲ್ ಹಿಡಿದು ಪದಗಳನ್ನು ಬಿಡಿಸಿ ಬರೆಯಿರಿ. ಇದಕ್ಕೆ ಪದಚ್ಛೇದ ಎನ್ನುತ್ತಾರೆ. ಆಮೇಲೆ ಯಾರು ಯಾರಿಗೆ ಹೇಳುತ್ತಿರುವ ಮಾತು ಅಂತ ಪಕ್ಕದಲ್ಲಿ ಬರೆಯಿರಿ. ಕುಮಾರವ್ಯಾಸನಲ್ಲಿ ಮಾತುಕತೆ ಜಾಸ್ತಿ, ಒಂದೇ ಪದ್ಯದೊಳಗೆ ಮಾತನಾಡುವವರು ಬದಲಾಗುತ್ತಾರೆ. ನಂತರ ಎಲ್ಲಿ ಉಸಿರು ತೆಗೆದುಕೊಳ್ಳಬಹುದು ಎಂದು ಗುರುತು ಹಾಕಿ. ಕೊನೆಗೆ ರಾಗವಿಲ್ಲದೆ, ಪತ್ರಿಕೆ ಓದುವ ಹಾಗೆ, ಜೋರಾಗಿ ಓದಿ. ಜೊತೆಗಾರರಿಗೆ ಬರೀ ಕೇಳಿಯೇ ಅರ್ಥವಾದರೆ ಆ ಪದ್ಯ ಹಾಡಲು ಸಿದ್ಧ. ಆಗದಿದ್ದರೆ ಸಿದ್ಧವಿಲ್ಲ. ಈ ಪರೀಕ್ಷೆಯನ್ನು ಎಂದೂ ಬಿಡಬೇಡಿ.

4. ಮಾತ್ರೆ ಎಣಿಸಲು ಕಲಿಯಿರಿ

ಮಾತ್ರೆ ಎಂದರೆ ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ. ಹ್ರಸ್ವ ಅಕ್ಷರಕ್ಕೆ ಒಂದು, ಅದು ಲಘು. ದೀರ್ಘಕ್ಕೆ, ಅನುಸ್ವಾರ ವಿಸರ್ಗ ಇರುವ ಅಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು, ಅದು ಗುರು. ಭಾಮಿನಿ ಷಟ್ಪದಿಯಲ್ಲಿ 1, 2, 4, 5ನೇ ಸಾಲುಗಳು 3+4+3+4, ಒಟ್ಟು 14 ಮಾತ್ರೆ. 3 ಮತ್ತು 6ನೇ ಸಾಲುಗಳು 3+4+3+4+3+4, ಮೇಲೊಂದು ಗುರು, ಒಟ್ಟು 23.

ಶ್ರೀವ | ನಿತೆಯರ | ಸನೆ ವಿ | ಮಲರಾ. ಬೆರಳಲ್ಲಿ ಎಣಿಸಿ ನೋಡಿ, ಸರಿಯಾಗಿ ಕೂರುತ್ತದೆ. ಆರೂ ಸಾಲುಗಳ ಎರಡನೇ ಅಕ್ಷರವನ್ನೂ ಗಮನಿಸಿ: ವ, ವ, ವ, ವ, ವಿ, ವು. ಇದು ಪ್ರಾಸ. ಅಚ್ಚಿನಲ್ಲಿ ತಪ್ಪಿದ್ದರೆ ಮಾತ್ರೆಯೋ ಪ್ರಾಸವೋ ಹಿಡಿದುಕೊಡುತ್ತದೆ. ಹಳೆಯ ಪುಸ್ತಕಗಳಲ್ಲಿ, ಮೊಬೈಲಿನಲ್ಲಿ ಓದುವ ಪಠ್ಯದಲ್ಲಿ ಅಕ್ಷರ ತಪ್ಪುಗಳು ಇರುತ್ತವೆ. ಅಲ್ಲಿ ಇದು ತುಂಬ ಸಹಾಯಕ್ಕೆ ಬರುತ್ತದೆ.

ಒಂದು ಎಚ್ಚರಿಕೆ. ಮಾತ್ರೆ ನಿಮ್ಮ ಮನಸ್ಸಿನ ಲೆಕ್ಕಕ್ಕೆ ಮಾತ್ರ. ಮೂರು ನಾಲ್ಕು, ಮೂರು ನಾಲ್ಕು ಎಂದು ಕುಟ್ಟುತ್ತಾ ಓದಿದರೆ ಮಗ್ಗಿ ಹೇಳಿದಂತಾಗುತ್ತದೆ.

5. ಶ್ರುತಿ ಮತ್ತು ರಾಗ

ಶ್ರುತಿ ಎಂದರೆ ನಿಮ್ಮ ದನಿಗೆ ಆಧಾರವಾಗಿ ನಿಲ್ಲುವ ಸ್ವರ. ಅದರ ಎತ್ತರವನ್ನು ಹಾರ್ಮೋನಿಯಂ ಕೀಲಿಗಳ ಲೆಕ್ಕದಲ್ಲಿ ಇಷ್ಟು 'ಮನೆ' ಎಂದು ಹೇಳುತ್ತಾರೆ. ಗಂಡಸರಿಗೆ ಸಾಮಾನ್ಯವಾಗಿ ಒಂದು ಮನೆಯಿಂದ ಎರಡು ಮನೆಯ ಶ್ರುತಿ, ಹೆಂಗಸರಿಗೆ ನಾಲ್ಕೂವರೆಯಿಂದ ಐದೂವರೆ ಮನೆಯ ಶ್ರುತಿ ಹೊಂದುತ್ತದೆ. ವಯಸ್ಸಾದಂತೆ ಹಲವರಿಗೆ ದನಿ ಸ್ವಲ್ಪ ಇಳಿಯುತ್ತದೆ. ಮೂವತ್ತನೇ ವಯಸ್ಸಿನಲ್ಲಿ ಹಾಡುತ್ತಿದ್ದ ಶ್ರುತಿಯನ್ನೇ ಹಿಡಿದು ಕೂರಬೇಡಿ. ಒಂದು ಗಂಟೆ ಮಾತನಾಡಿದರೂ ಗಂಟಲು ನೋಯದ ಎತ್ತರವೇ ನಿಮ್ಮ ಶ್ರುತಿ.

ಶ್ರುತಿಪೆಟ್ಟಿಗೆ ಇಲ್ಲದಿದ್ದರೆ ಮೊಬೈಲಿನ ತಂಬೂರಿ ಆ್ಯಪ್ ಸಾಕು. ಏರೋಪ್ಲೇನ್ ಮೋಡ್‌ನಲ್ಲಿಡಿ. ಇಲ್ಲದಿದ್ದರೆ ನಡುವೆ ಫೋನ್ ಬಂದು ಶ್ರುತಿ ನಿಂತುಹೋಗುತ್ತದೆ.

ರಾಗಗಳು ಹತ್ತು ಹದಿನೈದು ಬೇಕಿಲ್ಲ. ಮೋಹನದಿಂದ ಶುರು ಮಾಡಿ. ಐದೇ ಸ್ವರ, ಬಾಯಿಗೆ ಬೇಗ ಬರುತ್ತದೆ, ಸಂತೋಷಕ್ಕೂ ಹುರುಪಿಗೂ ಒಗ್ಗುತ್ತದೆ. ಅದರ ಗಾಂಧಾರ ಸ್ವರವನ್ನು (ಗ) ಇಳಿಸಿದರೆ ಶಿವರಂಜನಿ, ಅದು ಸಂಕಟದ ಪದ್ಯಗಳಿಗೆ. ಮುಗಿಸಲು ಮಧ್ಯಮಾವತಿ. ಈ ಮೂರರಲ್ಲಿ ಆರು ತಿಂಗಳು ಧಾರಾಳವಾಗಿ ಓದಬಹುದು. ಆಮೇಲೆ ಪ್ರಾರ್ಥನೆಗೆ ನಾಟ, ಸಿಟ್ಟಿಗೆ ಅಠಾಣ ಸೇರಿಸಿಕೊಳ್ಳಿ.

ರಾಗ ಗೊತ್ತಿಲ್ಲದವರು ಅನುಭವಿ ಗಮಕಿಗಳ ಧ್ವನಿಮುದ್ರಣ ಕೇಳಿ ಒಂದು ಪದ್ಯವನ್ನು ಹಾಗೆಯೇ ಅನುಸರಿಸುವುದು ಒಳ್ಳೆಯ ದಾರಿ. ಶಿವಮೊಗ್ಗದ ಬಳಿ ತುಂಗೆಯ ದಡದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಅಲ್ಲಿಯ ಎಚ್. ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅವರ ವಾಚನವನ್ನು ಹುಡುಕಿ ಕೇಳಿ. ಅಕ್ಷರ ಎಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ, ಎಲ್ಲಿ ನಿಲ್ಲಿಸುತ್ತಾರೆ ಎಂಬುದರ ಕಡೆಗೆ ಕಿವಿ ಇರಲಿ.

ಸಾಧ್ಯವಾದರೆ ಗುರುಗಳ ಹತ್ತಿರ ಹೋಗುವುದೇ ಉತ್ತಮ. ಕೇಳಿ ಕಲಿತದ್ದರ ತಪ್ಪು ನಮಗೇ ಗೊತ್ತಾಗುವುದಿಲ್ಲ, ಅಲ್ವಾ? ಬೆಂಗಳೂರಿನಲ್ಲಿ ಕರ್ನಾಟಕ ಗಮಕ ಕಲಾ ಪರಿಷತ್ತು ಇದೆ, ಅದಕ್ಕೆ ಜಿಲ್ಲಾ ಘಟಕಗಳಿವೆ. ನಿಮ್ಮ ಜಿಲ್ಲೆಯಲ್ಲಿ ಯಾರು ಕಲಿಸುತ್ತಾರೆ ಎಂದು ಅಲ್ಲಿ ವಿಚಾರಿಸಿ.

6. ಗಂಟಲು, ಉಸಿರು, ಹಲ್ಲು

ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಊಟವಾದ ಕೂಡಲೇ ಬೇಡ. ಹತ್ತಿರ ಉಗುರುಬೆಚ್ಚಗಿನ ನೀರು ಇರಲಿ. ಕಟ್ಟಿಸಿದ ಹಲ್ಲಿನ ಸೆಟ್ ಸಡಿಲವಾಗಿದ್ದರೆ ಶ, ಷ, ಸ ಮೂರೂ ಒಂದೇ ಥರ ಕೇಳಿಸುತ್ತವೆ, ದಂತವೈದ್ಯರಿಗೆ ತೋರಿಸಿ ಸರಿ ಮಾಡಿಸಿಕೊಳ್ಳಿ. ಕಣ್ಣಿನ ಪೊರೆ, ಹರ್ನಿಯಾ, ಹೃದಯ ಇವುಗಳ ಆಪರೇಷನ್ ಆಗಿದ್ದರೆ ಡಾಕ್ಟರನ್ನು ಕೇಳದೆ ಎತ್ತರದ ದನಿಯಲ್ಲಿ ಓದಬೇಡಿ. ಎರಡು ವಾರ ದಾಟಿದರೂ ದನಿ ಒಡೆದೇ ಇದ್ದರೆ ಕಷಾಯ ಕುಡಿದು ಸುಮ್ನೆ ಕೂರದೆ ಕಿವಿ ಮೂಗು ಗಂಟಲು ವೈದ್ಯರನ್ನು ನೋಡಿ.

7. ವ್ಯಾಖ್ಯಾನ ಮಾಡುವವರಿಗೆ

ಒಂದು ಪದ್ಯಕ್ಕೆ ಎರಡು ನಿಮಿಷ. ಇದೇ ಮೊದಲ ನಿಯಮ. ವ್ಯಾಖ್ಯಾನ ಭಾಷಣವಾದರೆ ವಾಚಕರ ಗಂಟಲು ತಣ್ಣಗಾಗುತ್ತದೆ, ಕೇಳುಗರಿಗೆ ಪದ್ಯ ಮರೆತುಹೋಗುತ್ತದೆ. ಕಷ್ಟದ ಪದಗಳಿಗೆ ಅರ್ಥ ಹೇಳಿ, ಇಡೀ ಪದ್ಯದ ಸಾರ ಹೇಳಿ, ಕವಿ ಮಾಡಿದ ಒಂದು ಚಮತ್ಕಾರವನ್ನು ತೋರಿಸಿ, ಮುಂದಿನ ಪದ್ಯಕ್ಕೆ ಎಳೆ ಕೊಟ್ಟು ನಿಲ್ಲಿಸಿ. ಮುಂದೆ ಏನಾಗುತ್ತದೆ ಅಂತ ಮೊದಲೇ ಬಿಟ್ಟುಕೊಡಬೇಡಿ. ಕಥೆ ಗೊತ್ತಿದ್ದರೂ ಜನ ಕಾಯುತ್ತಾರೆ.

ಈಗಿನ ರಾಜಕೀಯ, ಬಡಾವಣೆಯ ಜಗಳ, ಯಾರದೋ ಸೊಸೆಯ ಮಾತು ವ್ಯಾಖ್ಯಾನದೊಳಗೆ ಬರಲೇಬಾರದು. ದುರ್ಯೋಧನನ ಹೆಸರಿನಲ್ಲಿ ಸಂಘದ ಅಧ್ಯಕ್ಷರನ್ನು ಚುಚ್ಚಿದರೆ ಮುಂದಿನ ವಾರ ಅರ್ಧ ಜನ ಬರುವುದಿಲ್ಲ.

ಮೂಲದ ಕಥೆ ತಿಳಿಯಲು ಎ. ಆರ್. ಕೃಷ್ಣಶಾಸ್ತ್ರಿಗಳ ವಚನಭಾರತ ಒಳ್ಳೆಯ ಆಸರೆ. ಆದರೆ ಅದು ವ್ಯಾಸರ ಕಥೆಯನ್ನು ಹಿಡಿದು ಬರೆದದ್ದು. ಕುಮಾರವ್ಯಾಸ ಅಲ್ಲಲ್ಲಿ ತನ್ನದೇ ದಾರಿ ಹಿಡಿಯುತ್ತಾನೆ. ಎದುರಿಗೆ ಇರುವ ಪದ್ಯ ಏನು ಹೇಳುತ್ತದೋ ಅದನ್ನೇ ಹೇಳಿ.

8. ನೆರೆಹೊರೆಯವರನ್ನು ಕರೆಯುವುದು

ಇಪ್ಪತ್ತು ಪದ್ಯ ಸಿದ್ಧವಾದ ಮೇಲೆ ಕರೆಯಿರಿ, ಅದಕ್ಕೂ ಮುಂಚೆ ಬೇಡ. ಇಪ್ಪತ್ತು ಪದ್ಯಕ್ಕೆ ವಾಚನ ವ್ಯಾಖ್ಯಾನ ಎರಡೂ ಸೇರಿ ಐವತ್ತು ನಿಮಿಷ ಹಿಡಿಯುತ್ತದೆ. ಒಂದು ಸಂಜೆಗೆ ಅದೇ ಸರಿ.

ಯಾವ ಭಾಗ? ವಿರಾಟಪರ್ವದ ಉತ್ತರಕುಮಾರನ ಪ್ರಸಂಗ. ಹೆಂಗಸರ ಮುಂದೆ ಕೊಚ್ಚಿಕೊಳ್ಳುವುದು, ಸಾರಥಿ ಇಲ್ಲ ಅನ್ನುವುದು, ಬೃಹನ್ನಳೆ ಬರುವುದು, ಕೌರವರ ಸೇನೆ ಕಂಡ ಕೂಡಲೇ ರಥದಿಂದ ಇಳಿದು ಓಡುವುದು. ಮಕ್ಕಳೂ ನಗುತ್ತಾರೆ, ಅಜ್ಜಂದಿರೂ ನಗುತ್ತಾರೆ. ಮಳೆ ಬರಲೆಂದು ವಿರಾಟಪರ್ವ ಓದಿಸುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಇದೆ, ಹಾಗಾಗಿ ಹಿರಿಯರಿಗೆ ಇದು ಗುರುತಿರುವ ಪರ್ವ. ಕರ್ಣಭೇದನ, ದ್ರೌಪದಿಯ ಮಾನಭಂಗದಂಥವು ಅನುಭವ ಬಂದ ಮೇಲೆ ಇರಲಿ. ಯುದ್ಧದ ಪರ್ವಗಳಲ್ಲಿ ಆಯುಧಗಳ, ವೀರರ ಪಟ್ಟಿ ಬರುವ ಕಡೆ ಹೊಸಬರ ಕೂಟ ಸೊರಗಿಬಿಡುತ್ತದೆ. ಇಡೀ ಕಾವ್ಯವನ್ನು ಮೊದಲಿನಿಂದ ಓದುತ್ತೇವೆ ಎಂದು ಹೊರಡಬೇಡಿ. 152 ಸಂಧಿ (ಅಧ್ಯಾಯ), ಎಂಟು ಸಾವಿರಕ್ಕೂ ಹೆಚ್ಚು ಪದ್ಯ. ವಾರಕ್ಕೆ ಇಪ್ಪತ್ತರಂತೆ ಓದಿದರೆ ಸುಮಾರು ಎಂಟು ವರ್ಷ ಬೇಕು.

ಜಾಗ: ಸರದಿಯ ಮೇಲೆ ಮನೆಗಳಲ್ಲಿ ನಡೆಸುವುದು ಕೇಳಲು ಚೆಂದ, ನಡೆಸಲು ಕಷ್ಟ. ಮನೆ ಚಿಕ್ಕದಿರುವವರು, ಮನೆಯಲ್ಲಿ ಕಾಯಿಲೆಯವರಿರುವವರು ತಮ್ಮ ಸರದಿ ಬರುವ ಹೊತ್ತಿಗೆ ಮೆಲ್ಲಗೆ ಬಿಟ್ಟುಹೋಗುತ್ತಾರೆ. ಅಪಾರ್ಟ್‌ಮೆಂಟಿನ ಹಾಲ್, ಗ್ರಂಥಾಲಯದ ಕೋಣೆ, ಅಗಲವಾದ ಜಗಲಿ, ಯಾವುದಾದರೂ ಒಂದೇ ಸ್ಥಳ ಗೊತ್ತು ಮಾಡಿ. ಮೆಟ್ಟಿಲು ಹತ್ತುವ ಜಾಗ ಬೇಡ.

ಹೊತ್ತು: ಸಂಜೆ ಐದಕ್ಕೆ ಶುರು, ಆರಕ್ಕೆ ಮುಕ್ತಾಯ. ಮೊಮ್ಮಕ್ಕಳನ್ನು ಶಾಲೆಯಿಂದ ಕರೆತರುವ ಕೆಲಸ ಮುಗಿದಿರುತ್ತದೆ, ಕತ್ತಲಾಗುವ ಮುಂಚೆ ಮನೆ ಸೇರಬಹುದು. ಹೇಳಿದ ಹೊತ್ತಿಗೆ ಮುಗಿಸಿ.

ತಿಂಡಿ: ಒಂದು ಲೋಟ ಪಾನಕ ಅಥವಾ ಕಾಫಿ, ಅಷ್ಟೇ. ಈ ನಿಯಮವನ್ನು ಮೊದಲ ದಿನವೇ ಎಲ್ಲರಿಗೂ ಕೇಳುವ ಹಾಗೆ ಹೇಳಿ. ಒಬ್ಬರು ಕೇಸರಿಬಾತ್ ತಂದರೆ ಇನ್ನೊಬ್ಬರು ಬೋಂಡ ತರುತ್ತಾರೆ. ಮೂರನೇ ವಾರಕ್ಕೆ ಅಡುಗೆಯ ಕೆಲಸವೇ ಹೆಚ್ಚಾಗಿ, ಅದನ್ನು ಮಾಡುವ ಹೆಂಗಸರಿಗೆ ಕೂತು ಕೇಳಲು ಆಗುವುದಿಲ್ಲ.

ಕೂರಿಸುವುದು: ಕಿವಿ ಮಂದ ಇರುವವರನ್ನು ಎದುರಿಗೇ ಕೂರಿಸಿ, ವಾಚಕರ ಬಾಯಿ ಕಾಣಬೇಕು. ಕಿವಿಗೆ ಯಂತ್ರ ಹಾಕಿಕೊಂಡವರ ಹತ್ತಿರ ಶ್ರುತಿಪೆಟ್ಟಿಗೆ ಇಟ್ಟರೆ ಅವರಿಗೆ ಬರೀ ಅದರ ಝೇಂಕಾರವೇ ಕೇಳಿಸುತ್ತದೆ. ಪೆಟ್ಟಿಗೆ ವಾಚಕರ ಹಿಂದೆ, ಸಣ್ಣ ದನಿಯಲ್ಲಿರಲಿ. ಮೂವತ್ತು ಜನರವರೆಗೆ ಮೈಕ್ ಬೇಕಿಲ್ಲ.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ. ವಾಚನವನ್ನು ಪೂಜೆ ಮಾಡಬೇಡಿ. ದೀಪ ಹಚ್ಚುವ ಆಸೆ ಇದ್ದರೆ ಹಚ್ಚಿ, ಅಲ್ಲಿಗೆ ಸಾಕು. ಮಡಿ, ಆರತಿ, ದಕ್ಷಿಣೆ ಸೇರಿಕೊಂಡರೆ ಬಡಾವಣೆಯ ಎಲ್ಲರೂ ಬರುವುದಿಲ್ಲ. ಮುಸ್ಲಿಮರ ಮನೆಯವರಿಗೆ, ಚರ್ಚಿಗೆ ಹೋಗುವ ಮನೆಯವರಿಗೆ, ಗೇಟಿನ ಹತ್ತಿರ ಇರುವ ಕಾವಲುಗಾರರಿಗೆ ಹೋಗಿ ಹೇಳಿ, "ಕಥೆ ಓದ್ತೀವಿ, ಬನ್ನಿ" ಎಂದು. ತಮಿಳು, ತೆಲುಗು, ಹಿಂದಿ ಮನೆಮಾತಿನವರು ಬಂದರೆ ವ್ಯಾಖ್ಯಾನ ಇನ್ನಷ್ಟು ಸರಳವಾಗಲಿ. ಕನ್ನಡ ಕಲಿಯಲು ಇಷ್ಟು ಸುಖವಾದ ಪಾಠ ಅವರಿಗೆ ಬೇರೆ ಕಡೆ ಸಿಗುವುದು ಅಪರೂಪ.

9. ಮುಂದುವರಿಸಿಕೊಂಡು ಹೋಗುವುದು

ಮೊದಲ ವಾರ ಕುತೂಹಲಕ್ಕೆ ತುಂಬ ಜನ ಬರುತ್ತಾರೆ, ನಾಲ್ಕನೇ ವಾರಕ್ಕೆ ಕಡಿಮೆಯಾಗುತ್ತಾರೆ. ಬೇಸರ ಬೇಡ, ಐದಾರು ಜನ ಉಳಿದರೂ ಕೂಟ ನಡೆಯುತ್ತದೆ. ಅವರಲ್ಲೇ ಒಬ್ಬರಿಗೆ ತಿಂಗಳಿಗೊಮ್ಮೆ ಎರಡು ಪದ್ಯ ಓದಲು ಕೊಡಿ. ಹೀಗೆ ಎರಡನೇ ವಾಚಕರು ತಯಾರಾಗುತ್ತಾರೆ. ಹಣ ಕೂಡಿಸಬೇಡಿ. ಪ್ರಿಂಟ್ ತೆಗೆಸುವ ಖರ್ಚು ಬಿಟ್ಟರೆ ಬೇರೇನೂ ಇಲ್ಲ.

ಹಾಸಿಗೆ ಹಿಡಿದು ಬರಲಾಗದವರು ಇದ್ದರೆ ಮನೆಯವರನ್ನು ಕೇಳಿ, ಅವರ ಹತ್ತಿರ ಹೋಗಿ ಹತ್ತು ಪದ್ಯ ಓದಿ ಬನ್ನಿ. ಹೋಗುವ ಮುಂಚೆ ಯಾವ ಹೊತ್ತು ಎಂದು ಫೋನ್ ಮಾಡಿ. ಕಾಯಿಲೆಯ ಮನೆಗೆ ಹೇಳದೆ ಹೋಗಬಾರದು. ಅಲ್ಲಿ ಯುದ್ಧ, ಸಾವು ಬರುವ ಭಾಗ ಬೇಡ.

ನಿವೃತ್ತರ ಕೂಟಕ್ಕೆ ದೊಡ್ಡ ಅಡ್ಡಿ ಮಕ್ಕಳ ಮನೆಗೆ ಹೋಗುವುದು. ವಾಚಕರು ಆರು ತಿಂಗಳು ಅಮೆರಿಕಕ್ಕೋ ಲಂಡನ್ನಿಗೋ ಹೋದರೆ ವಾಚನ ನಿಂತುಬಿಡುತ್ತದೆ. ವಿಡಿಯೋ ಕರೆಯಲ್ಲಿ ಮುಂದುವರಿಸಬಹುದು, ಆದರೆ ಕೆಲವು ಅಂಶಗಳನ್ನು ಗಮನಿಸಿ. ಕರೆಯಲ್ಲಿ ದನಿ ಸ್ವಲ್ಪ ತಡವಾಗಿ ತಲುಪುತ್ತದೆ, ಹಾಗಾಗಿ ಇಬ್ಬರು ಒಟ್ಟಿಗೆ ಹಾಡಲಾಗದು. ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಶುರು ಮಾಡಬೇಕು. ಜೂಮ್‌ನಂಥ ಆ್ಯಪ್‌ಗಳು ತಂಬೂರಿಯ ನಾದವನ್ನು ಗದ್ದಲ ಎಂದು ತಿಳಿದು ಅಳಿಸಿಹಾಕುತ್ತವೆ, ಜೊತೆಗೆ ಎಳೆದು ಹಾಡಿದ ಸ್ವರವನ್ನೂ ನುಂಗುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಆಡಿಯೋ ವಿಭಾಗಕ್ಕೆ ಹೋಗಿ, ಹಿನ್ನೆಲೆ ಸದ್ದು ಅಡಗಿಸುವ ಆಯ್ಕೆಯನ್ನು ಆಫ್ ಮಾಡಿ. ಕೇಳುವವರು ತಮ್ಮ ಮೈಕ್ ಮುಚ್ಚಿರಬೇಕು. ಮತ್ತೆ ಹೊತ್ತಿನ ಲೆಕ್ಕ. ನಮ್ಮ ಸಂಜೆ ಐದು ಅಂದರೆ ನ್ಯೂಯಾರ್ಕಿನಲ್ಲಿ ಬೆಳಗಿನ ಆರೂವರೆ ಅಥವಾ ಏಳೂವರೆ, ಅವರ ಗಡಿಯಾರ ಚಳಿಗಾಲಕ್ಕೂ ಬೇಸಿಗೆಗೂ ಒಂದು ಗಂಟೆ ಬದಲಾಗುತ್ತದೆ. ಎದ್ದ ಕೂಡಲೇ ಗಂಟಲು ತೆರೆದಿರುವುದಿಲ್ಲ, ಆದ್ದರಿಂದ ಅಲ್ಲಿರುವ ವಾಚಕರು ಅರ್ಧ ಗಂಟೆ ಮೊದಲೇ ಎದ್ದು ಬಿಸಿನೀರು ಕುಡಿದು, ಕೆಳಗಿನ ಸ್ವರಗಳಲ್ಲಿ ಸ್ವಲ್ಪ ಹೊತ್ತು ಅಭ್ಯಾಸ ಮಾಡಿ ಕೂರಲಿ.